ಗಾಜಿನ ಪೆಟ್ಟಿಗೆಯ ಕೈಗವಸು

“ಇದು ನನ್ನದಲ್ಲ.”

ಅಷ್ಟೇ ಹೇಳಿ ಹೆಲ್ವೆ ಆ ಪುಟ್ಟ ಉಣ್ಣೆಯ ಕೈಗವಸನ್ನು ಮೇಜಿನ ಮೇಲಿಟ್ಟರು.

ಅವತ್ತು ಅವರ ಎಂಬತ್ತನೆಯ ಹುಟ್ಟುಹಬ್ಬ. ಮಗ ರೇನ್, ಮಗಳು ಮಾರಿಕ, ತಂಗಿ ಐನೊ ಸೇರಿ ಹೆಲ್ವೆಯನ್ನು ಕರೆದುಕೊಂಡು ಹೊರಟಿದ್ದರು. ಟ್ಯಾಲಿನ್ ನಗರದಲ್ಲಿ ಎರಡು ಮ್ಯೂಸಿಯಂ, ನಡುವೆ ಮಾರುಕಟ್ಟೆಯಲ್ಲಿ ಊಟ. ಮೊದಲನೆಯದು ಸೈಬೀರಿಯಾಕ್ಕೆ ಗಡೀಪಾರಾದವರ ನೆನಪಿಗೆ ಕಟ್ಟಿದ ಈ ಚಿಕ್ಕ ಮ್ಯೂಸಿಯಂ. ಮೇಲ್ವಿಚಾರಕಿ ಊರ್ವೆ ಹುಟ್ಟುಹಬ್ಬದ ಗೌರವಕ್ಕೆಂದು ಗಾಜಿನ ಪೆಟ್ಟಿಗೆಯ ಬೀಗ ತೆಗೆದು, ಹೆಲ್ವೆಯೇ ಹಿಂದೆ ದಾನ ಕೊಟ್ಟಿದ್ದ ಕೈಗವಸನ್ನು ಅವರ ಅಂಗೈಯಲ್ಲಿಟ್ಟಿದ್ದಳು.

ಸೈನಿಕರು ತಾಯಿಯೊಂದಿಗೆ ಸೈಬೀರಿಯಾದ ರೈಲು ಹತ್ತಿಸಿದಾಗ ಹೆಲ್ವೆಗೆ ಆರು ವರ್ಷ. ಅಲ್ಲಿನ ಮೊದಲ ಚಳಿಗಾಲಕ್ಕೆ ತಾಯಿ ತನ್ನ ಸ್ವೆಟರ್ ಬಿಚ್ಚಿ, ಆ ನೂಲಿನಲ್ಲೇ ಒಂದು ಜೊತೆ ಹೆಣೆದುಕೊಟ್ಟಳು. ಒಂದು ಹಿಮದಲ್ಲಿ ಕಳೆದುಹೋಯಿತು. ತಾಯಿ ಅಲ್ಲೇ ಮಣ್ಣಾದಳು. ಹುಡುಗಿ ಉಳಿದೊಂದನ್ನು ಹಿಡಿದುಕೊಂಡು ಊರಿಗೆ ಮರಳಿದ್ದಳು.

“ಬಣ್ಣ ಅದೇ, ಚಿತ್ತಾರ ಅದೇ,” ಊರ್ವೆಯ ಮುಖ ಬಿಳಿಚಿಕೊಂಡಿತ್ತು. “ಹೆಬ್ಬೆರಳ ಹತ್ತಿರದ ತೂತು ಕೂಡ ಹಾಗೇ ಇದೆಯಲ್ಲ ಮೇಡಂ?”

“ಅಮ್ಮ, ನೀನು ಮರೆತಿದ್ದೀಯ,” ಎಂದ ರೇನ್. “ಮೊನ್ನೆ ಒಲೆ ಮೇಲೆ ನೀರಿಟ್ಟು ಮರೆತಿರ್ಲಿಲ್ವಾ?”

“ನೀರು ಮರೀತೀನಿ ಕಣೋ. ಇದನ್ನ ಮರೀತೀನಾ?”

ರೇನ್ ತಂಗಿಯ ಕಿವಿಯ ಬಳಿ ಬಗ್ಗಿದ. “ಡಾಕ್ಟರಿಗೆ ತೋರಿಸ್ಬೇಕು ಮಾರಿಕ. ಇನ್ನು ಒಬ್ಬಳನ್ನೇ ಮನೇಲಿ ಬಿಡೋಕಾಗಲ್ಲ.”

ಮಾರಿಕ ಅಮ್ಮನ ಮುಖ ನೋಡಿದಳು. ಪೊಲೀಸ್ ಇಲಾಖೆಯಲ್ಲಿ ಕಳ್ಳತನದ ಕೇಸುಗಳಲ್ಲೇ ತಲೆ ನರೆಸಿಕೊಂಡು ನಿವೃತ್ತಳಾದವಳು ಅವಳು. ಅಮ್ಮನ ಕಣ್ಣಲ್ಲಿ ಗೊಂದಲವಿರಲಿಲ್ಲ. ದುಃಖವಿತ್ತು.

“ಊರ್ವೆ, ಇದು ಪೆಟ್ಟಿಗೆ ಬಿಟ್ಟು ಯಾವಾಗಾದ್ರೂ ಹೊರಗೆ ಹೋಗಿತ್ತಾ?”

“ಒಂದೇ ಸಲ. ಚಳಿಗಾಲದಲ್ಲಿ ಗೋಡೆಗೆ ಬಣ್ಣ ಹೊಡೆಸುವಾಗ. ನಿಮ್ಮಣ್ಣನೇ ಮನೆಗೆ ತಗೊಂಡು ಹೋಗಿ ವಾಪಸ್ ತಂದುಕೊಟ್ರು.”

ಮಾರಿಕ ಅಣ್ಣನತ್ತ ತಿರುಗಿದಳು. ಅಮ್ಮ ಇದನ್ನು ದಾನ ಕೊಟ್ಟ ದಿನ ಅವನು ಮನೆಯಲ್ಲಿ ಕೂಗಾಡಿದ್ದ — ಅಜ್ಜಿ ಹೆಣೆದದ್ದು ಕಂಡವರ ಪಾಲಾಗಬೇಕಾ ಎಂದು.

“ನನ್ನನ್ನ ಯಾಕೆ ಹಾಗೆ ನೋಡ್ತೀಯ?”

“ಕೇಳ್ತಿದ್ದೀನಿ ಅಷ್ಟೇ ಅಣ್ಣ. ಎಲ್ಲಿಟ್ಟಿದ್ದೆ?”

“ಅಮ್ಮನ ಕೋಣೆ ಬೀರುವಿನಲ್ಲಿ. ಅಮ್ಮ ಜ್ವರ ಬಂದು ಮಲಗಿದ್ಲು, ಕಣ್ಣು ಬಿಟ್ಟೂ ನೋಡ್ಲಿಲ್ಲ. ಇನ್ಯಾರೂ ಬಂದಿರ್ಲಿಲ್ಲ. ಆರೈಕೆಗೆ ಚಿಕ್ಕಮ್ಮ ಇದ್ರು.”

“ಅಕ್ಕಂಗೆ ಹಸಿವಾಗಿರುತ್ತೆ,” ಎಂದರು ಐನೊ. “ಊಟಕ್ಕೆ ಹೋಗೋಣ, ನಡೀರಿ.”

ಮಾರಿಕ ಕೈಗವಸಿನ ಫೋಟೊ ತೆಗೆದುಕೊಂಡಳು. ಬಾಗಿಲ ಬಳಿ ಮಾರಾಟಕ್ಕಿದ್ದ ಚಿತ್ರದ ಕಾರ್ಡುಗಳಲ್ಲಿ ಒಂದನ್ನು ಕೊಂಡಳು. ದಾನದ ದಿನವೇ ತೆಗೆದ ಕೈಗವಸಿನ ಚಿತ್ರ ಅದರಲ್ಲಿತ್ತು.

ಮಾರುಕಟ್ಟೆಯಲ್ಲಿ ಕರಿಬ್ರೆಡ್ಡು, ಉಪ್ಪು ಹಾಕಿದ ಸಣ್ಣ ಮೀನು, ಬಾರ್ಲಿ ಬೆರೆಸಿ ಮಸೆದ ಆಲೂಗಡ್ಡೆ ಬಂದವು. ಹೆಲ್ವೆ ಮುಟ್ಟಲಿಲ್ಲ. ಐನೊ ಅಕ್ಕನಿಗಾಗಿ ಬ್ರೆಡ್ಡಿಗೆ ಬೆಣ್ಣೆ ಸವರತೊಡಗಿದರು. ಕಾರ್ಡನ್ನೂ ಫೋನನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದ ಮಾರಿಕ ತಲೆಯೆತ್ತಿ ಆ ಕೈಯನ್ನೇ ದಿಟ್ಟಿಸಿದಳು.

“ಚಿಕ್ಕಮ್ಮ,” ಎಂದಳು ಮೆಲ್ಲಗೆ. “ಅದು ಎಲ್ಲಿದೆ?”

ಚಾಕು ನಿಂತಿತು.

“ಏನು ಹೇಳ್ತಿದ್ದೀಯ ನೀನು?” ರೇನ್ ದನಿ ಏರಿಸಿದ.

“ಎಲ್ಲರೂ ಬಣ್ಣ ನೋಡಿದ್ವಿ, ಚಿತ್ತಾರ ನೋಡಿದ್ವಿ. ಮಣಿಕಟ್ಟಿನ ಅಂಚು ಯಾರೂ ನೋಡ್ಲಿಲ್ಲ. ಕಾರ್ಡಿನಲ್ಲಿ ಅಂಚಿನ ಜಡೆಯಂಥ ಹೆಣಿಗೆ ಬಲಕ್ಕೆ ವಾಲಿದೆ. ಇವತ್ತಿನದರಲ್ಲಿ ಎಡಕ್ಕೆ.”

“ಚಿತ್ರ ತಿರುಗುಮುರುಗು ಅಚ್ಚಾಗಿರಬಹುದು!”

“ಹಾಗಾಗಿದ್ರೆ ಹೆಬ್ಬೆರಳೂ ಆ ಕಡೆ ಹೋಗ್ತಿತ್ತು ಅಣ್ಣ. ಅದು ಅಲ್ಲೇ ಇದೆ. ಎಡಗೈಯಲ್ಲಿ ಹೆಣೆದ್ರೆ ಮಾತ್ರ ಜಡೆ ಎಡಕ್ಕೆ ವಾಲುತ್ತೆ. ಕಾರ್ಡಿನದು ಅಜ್ಜಿಯ ಬಲಗೈ ಹೆಣಿಗೆ. ಆ ಬೀರುವಿನ ಹತ್ತಿರ ಇದ್ದವರಲ್ಲಿ ಎಡಗೈಯವರು ಒಬ್ಬರೇ.”

ಐನೊ ಎಡಗೈಯಲ್ಲಿದ್ದ ಚಾಕುವನ್ನು ಕೆಳಗಿಟ್ಟರು. ಕೋಟಿನ ಒಳಜೇಬಿನಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದರು. ಹೆಲ್ವೆಯ ಬೆರಳುಗಳು ತಾವಾಗಿಯೇ ಅದರತ್ತ ಹೋದವು.

“ನಿನಗೆ ಅಮ್ಮ ಸಿಕ್ಕಿದ್ಲು ಅಕ್ಕ,” ಎಂದರು ಐನೊ. “ನಾನು ಎರಡು ವರ್ಷದ ಕೂಸು, ಮೈ ಸುಡ್ತಿತ್ತು ಅಂತ ಪಕ್ಕದ ಮನೆಯವರ ಮಡಿಲಿಗೆ ಹಾಕಿ ಹೋದ್ಲು. ಅವಳ ಮುಖ ಗೊತ್ತಿಲ್ಲ ನನಗೆ. ಅವಳ ಕೈಯಿಂದಾದ ಒಂದು ವಸ್ತು ಇತ್ತು, ಅದನ್ನೂ ನೀನು ಗಾಜಿನೊಳಗೆ ಇಟ್ಟುಬಿಟ್ಟೆ. ಆ ಗಾಜಿನ ಮುಂದೆ ಕೂತು ನೋಡಿ ನೋಡಿ ಇನ್ನೊಂದು ಹೆಣೆದೆ.”

“ಕೇಳಿದ್ರೆ ಕೊಡ್ತಿರ್ಲಿಲ್ವೇನೇ?”

“ಕೇಳೋಕೆ ಬಾಯಿ ಬರ್ಲಿಲ್ಲ.”

“ನನ್ನ ಮಗ ನನಗೆ ತಲೆ ಕೆಟ್ಟಿದೆ ಅಂತಿದ್ದ.” ಹೆಲ್ವೆ ತಂಗಿಯತ್ತ ತಿರುಗಿದರು. “ನೀನು ಪಕ್ಕದಲ್ಲೇ ಸುಮ್ನೆ ನಿಂತಿದ್ದೆ. ಕದ್ದಿದ್ದಕ್ಕಿಂತ ಅದು ದೊಡ್ಡದು ಐನೊ.”

ಐನೊ ತಲೆ ತಗ್ಗಿಸಿದರು. ರೇನ್ ಅಮ್ಮನ ಮುಖ ನೋಡಲಾರದೆ ತಟ್ಟೆ ನೋಡುತ್ತ ಕುಳಿತ. ಎರಡನೆಯ ಮ್ಯೂಸಿಯಂ ಇವತ್ತಿಗಿಲ್ಲ ಎಂದು ಮಾರಿಕಳಿಗೆ ಅರ್ಥವಾಯಿತು.

ಕಡೆಗೆ ಹೆಲ್ವೆ ಆ ಗಂಟನ್ನು ತಂಗಿಯ ಕಡೆಗೇ ಸರಿಸಿದರು.

“ಎದ್ದೇಳು. ಊರ್ವೆ ಹತ್ರ ಹೋಗಿ ನೀನೇ ಹೇಳಿ, ನೀನೇ ವಾಪಸ್ ಕೊಡು. ಆ ರೈಲಿನಲ್ಲಿ ಹೋದವರ ಮಕ್ಕಳು ಬಂದು ನೋಡ್ತಾರೆ. ಅವರ ಹತ್ರ ಇಷ್ಟೂ ಇಲ್ಲ.” ಸ್ವಲ್ಪ ತಡೆದು ಹೇಳಿದರು, “ನೀನು ಹೆಣೆದದ್ದನ್ನ ಅಲ್ಲಿಂದ ತಂದು ನನಗೆ ಕೊಡು.”

“ಅದ್ಯಾಕೆ ನಿನಗೆ?”

“ಅಮ್ಮ ಹೋದ ಮೇಲೆ ನನಗೆ ಯಾರೂ ಏನೂ ಹೆಣೆದುಕೊಟ್ಟಿಲ್ಲ ಕಣೇ.”

“ನಿನಗೆ ಅಂತ ಹೆಣೆದಿದ್ದಲ್ಲ ಅಕ್ಕ ಅದು.”

“ಗೊತ್ತು,” ಎಂದರು ಹೆಲ್ವೆ. “ಆದ್ರೂ ಬೇಕು.”