ಆರಿಸುವ ಮುಂಚಿನ ಎರಡು ನಿಮಿಷ

ಬೆಳಿಗ್ಗೆ ಆರೂವರೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ಕೈಯಲ್ಲಿ ಎರಡು ಉದ್ದ ಪೊರಕೆಗಳಿದ್ದವು. ಒಂದು ಅವಳದು, ಇನ್ನೊಂದು ಆಸ್ಪತ್ರೆ ಸೇರಿದ ಜೊತೆಗಾರ್ತಿಯದು. ರಸ್ತೆಯಲ್ಲಿ ಬಿಟ್ಟು ಬಂದರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ, ಹೊಸದು ಬೇಕೆಂದರೆ ನಗರಸಭೆಯಲ್ಲಿ ಮೂರು ಕಡೆ ಸಹಿ ಹಾಕಿಸಬೇಕು ಎಂದು ಅವಳೇ ವಿವರಿಸಿದಳು. ಎರಡನ್ನೂ ಗೋಡೆಗೆ ಒರಗಿಸಿ ಬೆಂಚಿನ ತುದಿಯಲ್ಲಿ ಕೂತಳು.

ಹಿಂದಿನ ದಿನದ ಬಂದೋಬಸ್ತ್ ಮುಗಿಸಿ ಮನೆಗೆ ಹೊರಟಿದ್ದ ಇನ್ಸ್‌ಪೆಕ್ಟರು ಟೋಪಿಯನ್ನು ಮತ್ತೆ ಮೇಜಿನ ಮೇಲಿಟ್ಟರು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಆ ಟೋಪಿ ಹೀಗೆ ಎಷ್ಟು ಸಲ ಮೇಜಿಗೆ ಮರಳಿದೆಯೋ ಲೆಕ್ಕವಿಲ್ಲ. ದಫೇದಾರರು ಹೇಳಿಕೆ ಬರೆಯಲು ಹಾಳೆ ತೆಗೆದರು.

"ಎಷ್ಟು ಹೊತ್ತಿಗೆ ಆಗಿದ್ದು?"

"ಐದಕ್ಕೆ ಐದು ನಿಮಿಷ ಇತ್ತು. ಮೇಸ್ತ್ರಿ ಆಗ ತಾನೇ ಹಾಜರಿ ತಗೊಂಡು ಹೋಗಿದ್ದ. ನಾನು ತಿರುವಿನ ಈ ಕಡೆ, ಅವಳು ಆ ಕಡೆ. ಧಡ್ ಅಂತು, ಓಡಿದೆ."

"ಗಾಡಿ ನೋಡಿದ್ರೇನಮ್ಮ?"

"ಮಂಜು ಸಾರ್. ಹಿಂದಿನ ಕೆಂಪು ದೀಪ ಕಾಣ್ತು ಅಷ್ಟೆ. ಸಣ್ಣ ಲಗೇಜ್ ಗಾಡಿ. ಒಂದು ಗಳಿಗೆ ನಿಂತ ಹಾಗಿತ್ತು, ಆಮೇಲೆ ಹೋಯ್ತು."

"ನಂಬರು?"

"ನಂಗೆ ಓದೋಕೆ ಬರಲ್ಲ. ಆ ಮಂಜಲ್ಲಿ ನೀವೂ ಓದ್ತಿರ್ಲಿಲ್ಲ ಬಿಡಿ."

"ಬೇರೆ ಏನಾದ್ರೂ?"

ಅವಳು ಸ್ವಲ್ಪ ಹೊತ್ತು ಸೆರಗಿನ ತುದಿ ತಿರುವಿದಳು. "ವಾಸನೆ ಸಾರ್. ಬಾಣಲೆಯಿಂದ ಆಗ ತಾನೇ ಏನೋ ತೆಗೆದ ಹಾಗೆ, ಕರಿದ ವಾಸನೆ. ಅವಳು ರಕ್ತದಲ್ಲಿ ಬಿದ್ದಿದಾಳೆ, ನನ್ನ ಖಾಲಿ ಹೊಟ್ಟೆ ಚುರ್ ಅಂತು. ನಾಚಿಕೆ ಆಯ್ತು."

ದಫೇದಾರರು ಪೆನ್ನು ಎತ್ತಿದರು. "ಹೊಟ್ಟೆ ಚುರ್ ಅಂದದ್ದೂ ಬರೀಲಾ ಸಾರ್?"

"ಅವರು ಹೇಳಿದ್ದೆಲ್ಲ ಬರೀರಿ."

ಬಿದ್ದವಳನ್ನು ಎತ್ತಿಕೊಂಡು ಹೋಗಲು ಆ ಹೊತ್ತಿನಲ್ಲಿ ಒಂದು ವಾಹನವೂ ಸಿಕ್ಕಿರಲಿಲ್ಲ. ಮುಕ್ಕಾಲು ಗಂಟೆ ಕಾದ ಮೇಲೆ ಹಾಲಿನ ವ್ಯಾನೊಂದು ನಿಂತಿತ್ತು. ಬಲಗಾಲು ನಜ್ಜುಗುಜ್ಜಾಗಿದೆ, ಉಳಿಯುವುದು ಅನುಮಾನ, ಅರ್ಧ ಗಂಟೆ ಮೊದಲು ತಂದಿದ್ದರೆ ಬೇರೆ ಮಾತು ಎಂದು ವೈದ್ಯರು ಫೋನಿನಲ್ಲಿ ಹೇಳಿದರು. ಏಳು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ ಚಾಲಕ.

ಏಳು ಇಪ್ಪತ್ತೈದಕ್ಕೆ ಎರಡನೆಯ ದೂರು ಬಂತು. ಬಂದವರು ಐವತ್ತು ದಾಟಿದ ಮನುಷ್ಯ, ಬಡಾವಣೆಯವರ ಬಾಯಲ್ಲಿ 'ಎಣ್ಣೆಯಣ್ಣ'. ಕ್ಯಾಂಟೀನುಗಳಲ್ಲಿ ಕರಿದು ಬಿಟ್ಟ ಎಣ್ಣೆಯನ್ನು ಡಬ್ಬಗಳಲ್ಲಿ ತಂದು, ಸೋಸಿ, ತಮ್ಮ ಪಿಕಪ್ ಗಾಡಿಗೇ ಹಾಕಿ ಓಡಿಸುವವರು. ಮನೆ ಮುಂದೆ ನಿಲ್ಲಿಸಿದ್ದ ಆ ಗಾಡಿ ಆರು ಗಂಟೆಗೆ ಎದ್ದು ನೋಡಿದರೆ ಇರಲಿಲ್ಲವಂತೆ.

"ಕೀಲಿ?"

"ಗಾಡೀಲೇ ಮರೆತಿದ್ದೆ ಅನ್ಸುತ್ತೆ."

"ಅಡುಗೆ ಎಣ್ಣೇಲಿ ಗಾಡಿ ಓಡುತ್ತಾ?" ದಫೇದಾರರು ಕೇಳಿದರು.

"ಡೀಸೆಲ್ ಇಂಜಿನ್ ಅಲ್ವಾ, ಓಡುತ್ತೆ. ಎರಡು ಟ್ಯಾಂಕಿದೆ. ಒಂದರಲ್ಲಿ ಡೀಸೆಲ್, ಒಂದರಲ್ಲಿ ಎಣ್ಣೆ. ನನ್ನ ಭಾವಮೈದ ಜೋಡಿಸಿ ಕೊಟ್ಟಿದ್ದು."

"ಹೊಗೆ ಹೇಗಿರುತ್ತೆ?"

"ಕರಿದ ವಾಸನೆ," ಎಂದವರು ಅಲ್ಲಿಗೇ ನಿಲ್ಲಿಸಿದರು.

ದಫೇದಾರರು ಇನ್ಸ್‌ಪೆಕ್ಟರ ಮುಖ ನೋಡಿದರು. ಗಾಡಿ ಕದ್ದವನೇ ಗುದ್ದಿ ಓಡಿದ್ದಾನೆ. ಎರಡು ಪ್ರಕರಣಕ್ಕೆ ಒಬ್ಬನೇ ಕಳ್ಳ. ದಫೇದಾರರ ಮುಖ ಅರಳಿತು, ಇನ್ಸ್‌ಪೆಕ್ಟರದು ಅರಳಲಿಲ್ಲ. ನಿದ್ದೆ ಇಲ್ಲದ ದಿನ ಅವರಿಗೆ ಸುಲಭವಾದದ್ದು ಯಾವುದೂ ನಂಬಿಕೆಗೆ ಬರುತ್ತಿರಲಿಲ್ಲ.

ಹನ್ನೊಂದೂವರೆಗೆ ಗಾಡಿ ಸಿಕ್ಕಿತು. ಊರಾಚೆ ಮುಚ್ಚಿಹೋದ ಮರ ಕೊಯ್ಯುವ ಮಿಲ್ಲಿನ ಹಿಂದೆ, ಗೋಡೆಗೆ ಮೂತಿ ಕೊಟ್ಟು ನಿಂತಿತ್ತು. ಎಡಗಡೆ ಹೆಡ್‌ಲೈಟ್ ಒಡೆದಿತ್ತು, ಬಂಪರಿನಲ್ಲಿ ನೀಲಿ ಬಟ್ಟೆಯ ಚೂರು ಸಿಕ್ಕಿಕೊಂಡಿತ್ತು. ಪೌರಕಾರ್ಮಿಕರ ಸಮವಸ್ತ್ರದ ನೀಲಿ. ಮಿಲ್ಲಿನ ಕಾವಲುಗಾರ ಮತ್ತು ಎದುರಿನ ಸೈಕಲ್ ಅಂಗಡಿಯವನು ಪಂಚನಾಮೆಗೆ ಸಾಕ್ಷಿಗಳಾದರು. ಗಾಡಿಯಲ್ಲಿ ಕೀಲಿ ಇರಲಿಲ್ಲ. ಎಣ್ಣೆಯಣ್ಣ ಮನೆಯಿಂದ ಬದಲಿ ಕೀಲಿ ತಂದು ಕೊಟ್ಟು ದೂರ ನಿಂತರು. ದಫೇದಾರರು ತಿರುಗಿಸಿದ ಕೂಡಲೇ ಇಂಜಿನ್ ಎದ್ದಿತು.

"ಕರಿದ ವಾಸನೆ ಎಲ್ಲಿ ಸಾರ್? ಬರೀ ಡೀಸೆಲ್ ಬರ್ತಿದೆ," ದಫೇದಾರರಿಗೆ ನಿರಾಸೆಯೇ ಆಯಿತು.

"ಅದನ್ನೂ ಪಂಚನಾಮೆಗೆ ಹಾಕಿ. ಒಂದೇ ಸಲಕ್ಕೆ ಎದ್ದಿತು ಅನ್ನೋದನ್ನೂ."

ಮಧ್ಯಾಹ್ನ ಎರಡೂಕಾಲಕ್ಕೆ ಭಾವಮೈದ ಠಾಣೆಗೆ ಬಂದ. ಎಣ್ಣೆಯಣ್ಣನ ಹೆಂಡತಿಯ ತಮ್ಮ, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಪಾಳಿ ಮುಗಿಸಿ ನೇರ ಬಂದಿದ್ದ, ಉಗುರಿನ ಸಂದಿಯಲ್ಲಿ ಗ್ರೀಸ್ ಇತ್ತು. ತಾನು ಮಾಡಿದ ಕೆಲಸವನ್ನು ಪೊಲೀಸರು ಕೇಳುತ್ತಿದ್ದಾರೆಂದರೆ ಅವನಿಗೆ ಹೆಮ್ಮೆಯೇ. ಠಾಣೆಯ ಅಂಗಳಕ್ಕೆ ತಂದಿದ್ದ ಗಾಡಿಯ ಬಾನೆಟ್ ಎತ್ತಿ ಸ್ಪ್ಯಾನರಿನಿಂದಲೇ ತೋರಿಸತೊಡಗಿದ.

"ಎಣ್ಣೆ ತಣ್ಣಗಿದ್ರೆ ಗಟ್ಟಿ ಸಾರ್, ಇಂಜಿನ್ ಕುಡಿಯಲ್ಲ. ಅದಕ್ಕೆ ಮೊದಲು ಹತ್ತು ನಿಮಿಷ ಡೀಸೆಲ್ ಮೇಲೆ ಓಡಿಸೋದು. ಸ್ಟೀರಿಂಗ್ ಕೆಳಗಡೆ ಇರೋ ಮುಳ್ಳು ಅರ್ಧ ದಾಟಿದ್ರೆ ಎಣ್ಣೆ ಬಿಸಿ ಆಗಿದೆ ಅಂತ, ಆಗ ಅದರ ಪಕ್ಕದ ಸ್ವಿಚ್ ಎಣ್ಣೆ ಕಡೆ. ಆರಿಸೋ ಮುಂಚೆ ವಾಪಸ್ ಡೀಸೆಲ್ ಕಡೆ ಹಾಕಿ ಎರಡು ನಿಮಿಷ ಹಾಗೇ ಓಡ್ತಿರಬೇಕು. ಪೈಪಲ್ಲಿರೋ ಎಣ್ಣೆ ಎಲ್ಲ ತೊಳೆದು ಹೋಗುತ್ತೆ."

"ಹಾಕದೆ ಆರಿಸಿದ್ರೆ?"

"ಈ ಚಳೀಲಾ? ಪೈಪಲ್ಲೇ ಕಟ್ಕೊಳ್ಳುತ್ತೆ. ನೀವು ಕಾಲಿಗೆ ಬಿದ್ರೂ ಏಳಲ್ಲ."

"ಇದು ಒಂದೇ ಸಲಕ್ಕೆ ಎದ್ದಿತು."

"ಏಳುತ್ತೆ ಮತ್ತೆ. ಸರಿಯಾಗಿ ಆರಿಸಿದಾರೆ," ಎಂದ. ಆಮೇಲೆ ಸ್ಪ್ಯಾನರ್ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

"ಕಳ್ಳ ಎಣ್ಣೆಗೆ ಹಾಕಿರಲೇ ಇಲ್ಲ ಅಂದ್ರೆ ಸಾರ್? ಡೀಸೆಲ್ ಮೇಲೇ ಓಡಿಸಿ ಡೀಸೆಲ್ ಮೇಲೇ ಆರಿಸಿದ್ರೆ?" ದಫೇದಾರರು ನಡುವೆ ಬಾಯಿ ಹಾಕಿದರು.

"ಆಯಮ್ಮನ ಹೊಟ್ಟೆ ಚುರ್ ಅಂದದ್ದು ನೀವೇ ಬರೆದಿದೀರಲ್ಲ. ಗುದ್ದಿದಾಗ ಗಾಡಿ ಎಣ್ಣೆ ಮೇಲಿತ್ತು." ಇನ್ಸ್‌ಪೆಕ್ಟರು ಹುಡುಕುವಂತೆ ಸ್ಟೀರಿಂಗಿನ ಕೆಳಗೆ ಕೈ ಹಾಕಿದರು. ಸ್ವಿಚ್ಚಿನ ಮೇಲೆ ಗುರುತೂ ಇರಲಿಲ್ಲ, ಅಕ್ಷರವೂ ಇರಲಿಲ್ಲ. "ಇದು ಏನಕ್ಕೆ ಅಂತ ಯಾರ್ಯಾರಿಗೆ ಗೊತ್ತು?"

"ನಂಗೆ."

"ಮತ್ತೆ?"

ಅವನು ಬಾನೆಟ್ ಇಳಿಸಿದ. ಸದ್ದಾಗದಂತೆ ಇಳಿಸಿದ. "ಭಾವಂಗೆ."

"ಇವತ್ತು ಬೆಳಿಗ್ಗೆ ಐದಕ್ಕೆ ನೀವೆಲ್ಲಿದ್ರಿ?"

"ಡಿಪೋದಲ್ಲಿ. ನಾಲ್ಕಕ್ಕೇ ಹೆಬ್ಬೆಟ್ಟು ಒತ್ತಿದೀನಿ." ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. "ಒಂದು ಸುಳ್ಳು ಹುಡುಕಿಕೊಳ್ಳೋಕೂ ಟೈಮ್ ಕೊಡಲಿಲ್ಲ ಸಾರ್ ನೀವು."

ಮೂರೂವರೆಗೆ ಡಿಪೋದ ಹಾಜರಿ ಪರಿಶೀಲಿಸಲಾಯಿತು. ಅವನು ಹೇಳಿದ್ದು ಸರಿಯಿತ್ತು. ನಾಲ್ಕೂಕಾಲಕ್ಕೆ ಕಾರ್ಖಾನೆಯೊಂದರ ಕ್ಯಾಂಟೀನಿನ ಅಡುಗೆಯವನು ಹೇಳಿಕೆ ಕೊಟ್ಟ. ಎಣ್ಣೆಯಣ್ಣ ಎಂದಿನಂತೆ ಬೆಳಗಿನ ಜಾವ ನಾಲ್ಕೂವರೆಗೆ ಬಂದು ಎರಡು ಡಬ್ಬ ಒಯ್ದಿದ್ದರು, ಚಳಿ ಜಾಸ್ತಿ ಎಂದು ಮಾತಾಡಿಕೊಂಡೂ ಹೋಗಿದ್ದರು. ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದ ಅವನು, "ಪಾಪ, ಗಾಡಿ ಸಿಕ್ತಂತಾ?" ಎಂದು ತಾನೇ ಕೇಳಿದ.

ಐದು ಹತ್ತಕ್ಕೆ ಇನ್ಸ್‌ಪೆಕ್ಟರು ಎಣ್ಣೆಯಣ್ಣನ ಮನೆಯ ಹಿಂದಿನ ಶೆಡ್ಡಿಗೆ ಹೋದರು. ಸಾಲಾಗಿ ಪೀಪಾಯಿಗಳು, ಒಂದೊಂದರ ಬಾಯಿಗೂ ಹಳೆ ಬಟ್ಟೆ. ಎಣ್ಣೆಯಣ್ಣ ಎಣ್ಣೆ ಸೋಸುತ್ತಿದ್ದರು, ಹೆಂಡತಿ ಬಟ್ಟೆಯ ಅಂಚು ಹಿಡಿದಿದ್ದರು. ಇನ್ಸ್‌ಪೆಕ್ಟರು ಬೋರಲು ಹಾಕಿದ ಡಬ್ಬವೊಂದರ ಮೇಲೆ ಕೂತರು. ಕೂತ ಮೇಲೆ ಏಳಲು ಮನಸ್ಸಾಗುವುದಿಲ್ಲ ಎನ್ನಿಸಿತು.

"ಕೀಲಿ ಕೊಡಿ."

ಎಣ್ಣೆಯಣ್ಣ ವಾದ ಮಾಡಲಿಲ್ಲ. ಆಲಿಕೆಗಳಿದ್ದ ಬುಟ್ಟಿಯ ತಳದಿಂದ ಕೀಲಿ ತೆಗೆದು ಕೊಟ್ಟರು. ಅದಕ್ಕೂ ಎಣ್ಣೆ ಮೆತ್ತಿತ್ತು.

"ಎಣ್ಣೆಗೆ ಹಾಕಿದ್ಮೇಲೆ ಮುಳ್ಳು ಇಳೀತೇನೋ ಅಂತ ನೋಡೋಕೆ ಬಗ್ಗಿದೆ. ತಲೆ ಎತ್ತುವಷ್ಟರಲ್ಲಿ ಆಗ್ಹೋಗಿತ್ತು."

"ನಿಲ್ಲಿಸಿದ್ರಾ?"

"ನಿಲ್ಲಿಸಿದೆ. ಕನ್ನಡೀಲಿ ಬರೀ ಮಂಜು."

"ಇಳಿದ್ರಾ?"

"ಇಲ್ಲ." ಬಟ್ಟೆಯಿಂದ ಎಣ್ಣೆ ತೊಟ್ಟಿಕ್ಕುತ್ತಲೇ ಇತ್ತು. "ಎಣ್ಣೆ ಬಿಸಿ ಮಾಡೋ ಡಬ್ಬಿ, ಆ ಮುಳ್ಳು, ಎಲ್ಲ ಡಿಪೋದ ಗುಜರಿ ಬಸ್ಸಿನವು. ಭಾವಮೈದ ಡಿಪೋದವರನ್ನ ಕೇಳದೆ ತಂದಿದ್ದು. ಗಾಡಿ ನಿಮ್ಮ ಕೈಗೆ ಸಿಕ್ಕಿದ್ರೆ ಬಿಚ್ತೀರಿ, ಎಲ್ಲಿಂದ ಬಂತು ಅಂತೀರಿ. ಅವನ ನೌಕರಿ ಹೋಗುತ್ತೆ. ಅದಕ್ಕೆ…"

"ನನ್ನ ತಮ್ಮನ ಹೆಸರು ಎತ್ತಬೇಡಿ," ಹೆಂಡತಿ ಮೊದಲ ಸಲ ಮಾತಾಡಿದರು. ದನಿ ಏರಲಿಲ್ಲ. "ಇಳಿಯಬೇಡ ಅಂತ ಅವನು ಹೇಳಿರ್ಲಿಲ್ಲ."

ಎಣ್ಣೆಯಣ್ಣ ತಲೆ ತಗ್ಗಿಸಿದರು. ಭಾವಮೈದನ ಮೇಲಿನ ಮಮತೆ ನಿಜವೋ, ನಡೆದುಕೊಂಡು ಮನೆಗೆ ಬರುವಾಗ ಕಟ್ಟಿಕೊಂಡ ಸಮಾಧಾನವೋ, ಇನ್ಸ್‌ಪೆಕ್ಟರಿಗೆ ತಿಳಿಯಲಿಲ್ಲ. ಇನ್ನೊಂದೇ ಪ್ರಶ್ನೆ ಉಳಿದಿತ್ತು.

"ಮಿಲ್ಲಿನ ಹಿಂದೆ ಸ್ವಿಚ್ ಡೀಸೆಲ್‌ಗೆ ಹಾಕಿ ಎರಡು ನಿಮಿಷ ಕೂತಿದ್ರಲ್ಲ."

"ಹೂಂ. ಅಭ್ಯಾಸ."

"ಗಾಡೀಲಿ ಜಾಗ ಇತ್ತು. ಆಸ್ಪತ್ರೆಗೆ ಹತ್ತು ನಿಮಿಷದ ದಾರಿ. ವಾಪಸ್ ಹೋಗೋಣ ಅನ್ನಿಸ್ಲಿಲ್ವಾ?"

"ಅನ್ನಿಸ್ತು." ಅವರು ಕೈಯನ್ನು ಪಂಚೆಗೆ ಒರೆಸಿಕೊಂಡರು. "ಅಷ್ಟರಲ್ಲಿ ಎರಡು ನಿಮಿಷ ಆಯ್ತು. ಆರಿಸಿದೆ."

ಐದು ನಲವತ್ತಕ್ಕೆ ದಸ್ತಗಿರಿ. ನಿರ್ಲಕ್ಷ್ಯದ ಚಾಲನೆ, ಗಾಯಾಳುವನ್ನು ಬಿಟ್ಟು ಪರಾರಿ, ಸುಳ್ಳು ದೂರು. ಗುಜರಿ ಭಾಗಗಳ ವಿಷಯವನ್ನು ದಫೇದಾರರು ಬರೆಯಲೋ ಬೇಡವೋ ಎಂದು ನೋಡಿದರು. ಇನ್ಸ್‌ಪೆಕ್ಟರು ಹಾಳೆಯನ್ನು ಅವರ ಕಡೆಗೇ ಸರಿಸಿ, "ಹೇಳಿದ್ದೆಲ್ಲ ಬರೀರಿ," ಎಂದರು.

ಏಳು ಗಂಟೆಗೆ ಆಸ್ಪತ್ರೆಯಿಂದ ಫೋನು. ಮಂಡಿಯ ಕೆಳಗೆ ಕಾಲು ತೆಗೆದಿದ್ದಾರೆ, ಜೀವಕ್ಕೆ ಭಯವಿಲ್ಲ.

ಟೋಪಿ ಕೈಗೆತ್ತಿಕೊಳ್ಳುವ ಹೊತ್ತಿಗೆ ಬೆಳಗಿನ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ಗಡಿಬಿಡಿಯಲ್ಲಿ ಮರೆತು ಹೋದ ಪೊರಕೆಗಳಿಗಾಗಿ ಬಂದಿದ್ದಳು.

"ಸಿಕ್ಕಿದನಂತೆ. ಯಾಕೆ ಇಳೀಲಿಲ್ಲವಂತೆ ಸಾರ್?"

"ಹೆದರಿದ್ರಂತೆ."

"ಯಾರಿಗೆ?" ಅವಳು ನಿಜವಾಗಿಯೂ ತಿಳಿಯದೆ ಕೇಳಿದಳು. "ಬಿದ್ದಿದ್ದವಳು ಅವಳಲ್ವಾ."

ಅವಳು ಎರಡೂ ಪೊರಕೆಗಳನ್ನು ಹೆಗಲಿಗೇರಿಸಿದಳು. ನಾಳೆಯಿಂದ ತಿರುವಿನ ಆ ಕಡೆಯೂ ತನಗೇ ಹಾಕಿದ್ದಾರೆ, ಅರ್ಧ ಗಂಟೆ ಮೊದಲೇ ಏಳಬೇಕು ಎಂದು ದಫೇದಾರರಿಗೆ ಹೇಳುತ್ತ ಮೆಟ್ಟಿಲಿಳಿದಳು.