ಪಾರಣೆಯ ಒಂಬತ್ತು ಗುಳಿಗೆ

ರೊಟ್ಟಿ ಬಡಿಯುತ್ತಿದ್ದೆ.

ಧಡ್!

ಗೋಡೆಯಾಚೆ, ರಾಘಣ್ಣನ ಬಾತ್‌ರೂಮಿನಲ್ಲಿ ಯಾರೋ ಬಿದ್ದ ಸದ್ದು. ಅವನೊಬ್ಬನೇ ಇರುವ ಮನೆ... ಅಂದಮೇಲೆ ಬಿದ್ದವನು ಅವನೇ!

ಪುಣೆಯ ಧನಕವಡಿಯ ನಮ್ಮ ಬಿಲ್ಡಿಂಗಿನಲ್ಲಿ ಕಳುವು, ಜಗಳ, ಏನೇ ಕೇಸ್ ಇರಲಿ, ಪೊಲೀಸರಿಗಿಂತ ಮೊದಲು ನನ್ನನ್ನು ಕರೆಯುತ್ತಾರೆ. ಈ ಸಲ ಯಾರೂ ಕರೆಯಲಿಲ್ಲ. ಅವನ ಮನೆಯ ಇನ್ನೊಂದು ಕೀಲಿ ನನ್ನ ಬಳಿಯೇ ಇತ್ತು. ಹಿಟ್ಟಿನ ಕೈಯಲ್ಲೇ ನುಗ್ಗಿದೆ.

"ರಾಘಣ್ಣಾ! ಬಾಗಲಾ ತಗಿ!"

"ಬರಬ್ಯಾಡ್ರಿ ಅಂಬಕ್ಕ... ಮರ್ಯಾದಿ ಪ್ರಶ್ನೆ ಅದ! ಮುಂಜಾನಿಂದ ಇಲ್ಲೇ ಠಾಣಾ ಹೂಡೀನಿ. ತಲಿ ಭಾಳ ತಿರಗತದ..."

ಟೇಬಲ್ ಮೇಲೆ ಬಿಪಿ ಗುಳಿಗೆಯ ಸ್ಟ್ರಿಪ್. ಮೈಯ ನೀರನ್ನು ಮೂತ್ರವಾಗಿ ಹೊರಹಾಕುವ ಗುಳಿಗೆ.

ಖಾಲಿ!

"ಎಷ್ಟ್ ನುಂಗೀದಿ?"

"ಒಂಬತ್ತ್ರಿ. ಊಟ ಆದಮ್ಯಾಲ ದಿನಕ್ಕ ಒಂದು ಅಂದಿದ್ರು ಡಾಕ್ಟರು. ನವರಾತ್ರಿ ಪೂರಾ ಉಪಾಸ... ಊಟಿಲ್ಲ, ಗುಳಗೀನೂ ಇಲ್ಲ. ಇವತ್ತ ನಸಕಿನ್ಯಾಗ ಪಾರಣಿ ಊಟ ಆತು, ಬಾಕಿ ತೀರಿಸಿದೆ!"

ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. ಬಾಕಿ ಉಳಿಸಿಕೊಂಡ ಜನ್ಮವಲ್ಲ!

108ಕ್ಕೆ ಫೋನ್ ಹಚ್ಚಿದೆ. ಯಾವ ಗುಳಿಗೆ? ಎಷ್ಟು? ಯಾವಾಗ? ಎಲ್ಲಾ ಮರಾಠಿಯಲ್ಲಿ. ಆಮೇಲೆ ಆರ್ಡರ್: ವಾಂತಿ ಮಾಡಿಸಬೇಡಿ, ಮಲಗಿಸಿ, ಸ್ಟ್ರಿಪ್ ಜೊತೆಗೆ ತನ್ನಿ.

ಬಾಗಿಲಿಗೆ ಭುಜ ಕೊಟ್ಟೆ. ಚಿಲಕ ಕಿತ್ತು ಬಂತು!

ಅಷ್ಟರಲ್ಲಿ ಎದುರುಮನೆಯ ಸುಲಭಾ ಉಪ್ಪುನೀರಿನ ತಂಬಿಗೆ ಹಿಡಿದು ಹಾಜರ್. "ಇದನ್ನ ಕುಡಸ್ರಿ, ಎಲ್ಲಾ ಕಾರಿಕೊಳ್ತಾರ!"

"ತಂಬಗಿ ಕೆಳಗಿಡು, ಸುಲಭಾ."

ಇಟ್ಟಳು. ನನ್ನ ಆ ದನಿಗೆ ಸಿಟಿ ಬಸ್ಸೇ ನಿಂತಿದೆ!

ಆಂಬ್ಯುಲೆನ್ಸಿನಲ್ಲಿ ರಾಘಣ್ಣ ಅಂಗಿಯ ಕಿಸೆಯಿಂದ ಮಾಸಿದ ಲಕೋಟೆ ತೆಗೆದ.

"ತಂಗಿ ಪ್ರೇಮಾವತಿಗೆ... ಅವ್ವನ ಮೂಗಬಟ್ಟ ನೀನ ಕದ್ದೀ ಅಂದಿದ್ದೆ. ಆಮ್ಯಾಲ ನನ್ನ ಟ್ರಂಕಿನ್ಯಾಗ ಸಿಕ್ತು. ತಪ್ಪಾತು ಅಂತ ಬರದು ಮೂರು ವರ್ಷಾತು. ನಾ ಸತ್ರ ಪೋಸ್ಟ್ ಮಾಡ್ರಿ."

"ಜೀವಂತ ಇದ್ದಾಗ ಏನ್ ಧಾಡಿ?"

"ಆಕಿ ಬಾಯಿ ನಿಮಗ ಗೊತ್ತಿಲ್ರಿ!"

ಆಸ್ಪತ್ರೆ. ಇಸಿಜಿ, ಡ್ರಿಪ್, ಬ್ಲಡ್ ಟೆಸ್ಟ್. ಪೊಟ್ಯಾಶಿಯಂ ಪಾತಾಳಕ್ಕಿಳಿದಿತ್ತು, ಎದೆಬಡಿತ ತಾಳ ತಪ್ಪಿತ್ತು. ರಾತ್ರಿಯೆಲ್ಲ ಆ ಮಷಿನ್ನನ್ನೇ ನೋಡುತ್ತ ಕೂತೆ.

ಮುಂಜಾನೆ ಕಣ್ಣು ಬಿಟ್ಟ. ಮೊದಲ ಮಾತು...

"ಅಂಬಕ್ಕ, ಆ ಪತ್ರ ವಾಪಸ್ ಕೊಡ್ರಿ. ನಾ ಸಾಯಲಿಲ್ಲಲ್ಲ!"

"ಚಹಾ ಕುಡದು ಬರ್ತೀನಿ, ತಡಿ."

ಗೇಟಿನ ಎದುರಿಗೇ ಅಂಚೆಯ ಕೆಂಪು ಡಬ್ಬಿ.

ಠಪ್!

ಒಂಬತ್ತು ಗುಳಿಗೆಯಿಂದ ಬಚಾವಾದ. ಪ್ರೇಮಾವತಿಯ ಬಾಯಿಂದ ಬಚಾವ್ ಮಾಡುವ ಡಾಕ್ಟರು ಮಾತ್ರ ಪುಣೆಯಲ್ಲಿ ಇನ್ನೂ ಹುಟ್ಟಿಲ್ಲ!