ಮರಳಲ್ಲಿ ಹೂತ ಗೊಂಬೆ

ಚನ್ನಪಟ್ಟಣದಲ್ಲಿ ಇಪ್ಪತ್ತೆಂಟು ವರ್ಷ ಗೊಂಬೆ ಕಡೆದವನು ನಾನು. ದೆವ್ವ ಗಿವ್ವ ಅಂದವರಿಗೆ ಬೈದು ಕಳಿಸುತ್ತಿದ್ದೆ.

2006ರಲ್ಲಿ ಹಾರೋಹಳ್ಳಿ ಕಡೆ ಹೊಸದಾಗಿ ಎದ್ದಿದ್ದ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದು, ಅಲ್ಲಿ ಕೆಲಸಕ್ಕಿದ್ದ ನಮ್ಮ ಮಗಳು ಧನಲಕ್ಷ್ಮಿ ತೀರಿಕೊಂಡಳು. ಅಂದಿನಿಂದ ನನ್ನ ಹೆಂಡತಿ ಲತಾಮಣಿ ಮಾತು ಬಿಟ್ಟಳು. ಮನಸ್ಸಿನ ಡಾಕ್ಟರಮ್ಮ ಒಬ್ಬರು ಮರಳು ತುಂಬಿದ ಟ್ರೇ ಮತ್ತು ನಾನೇ ಕಡೆದುಕೊಟ್ಟ ಗೊಂಬೆಗಳನ್ನು ಅವಳ ಮುಂದಿಟ್ಟು, ಇಷ್ಟ ಬಂದಂತೆ ಜೋಡಿಸಲು ಹೇಳಿದರು. ಪ್ರತಿ ವಾರವೂ ಅವಳು ಒಂದೇ ಕೆಂಪು ಹೆಣ್ಣುಗೊಂಬೆಯನ್ನು ಹೂತು ಸುಮ್ಮನೆ ಕೂರುತ್ತಿದ್ದಳು.

“ಅದು ಅವರಿಗೆ ಮಗಳ ಸಂಕೇತ ಕಣ್ರೀ. ಅವರೇ ಹೊರಗೆ ತೆಗೆದ ದಿನ ಮಾತು ಬರಬಹುದು. ನೀವು ಮಾತ್ರ ಮುಟ್ಬೇಡಿ” ಎಂದರು ಡಾಕ್ಟರಮ್ಮ.

ಒಂಬತ್ತನೇ ವಾರ ನನ್ನ ತಾಳ್ಮೆ ಕೆಟ್ಟಿತು. “ನಾನೇ ಕಡ್ದಿರೋ ಮರದ ತುಂಡು ಕಣಮ್ಮಿ ಅದು! ಇನ್ನೆಷ್ಟು ಸತಿ ಊಳ್ತೀಯ?” ಎಂದು ಮರಳಿಗೆ ಕೈ ಹಾಕಿದೆ.

ಮರಳು ತಣ್ಣಗಿತ್ತು. ಒಳಗಿದ್ದ ಗೊಂಬೆ ನನ್ನ ಕೈಯನ್ನೇ ಸುಟ್ಟಿತು. ಈಗ ತಾನೆ ಕಡೆದು, ಬಣ್ಣದ ಅರಗನ್ನು ಬಿಸಿಯಲ್ಲಿ ಕರಗಿಸಿ ಹಚ್ಚಿ ಮಷಿನ್ನಿಂದ ಇಳಿಸಿದ ಹಾಗೆ ಅರಗಿನ ವಾಸನೆ ಬಂತು, ಮೆತ್ತಗಿದ್ದ ಬಣ್ಣ ಹೆಬ್ಬೆರಳಿಗೆ ಅಂಟಿತು. ಅದನ್ನು ಕಡೆದು ನಾಲ್ಕು ತಿಂಗಳಾಗಿತ್ತು. ಲತಾಮಣಿಯ ಬಾಯಿ ತೆರೆಯಿತು, ಹಾಗೇ ಮುಚ್ಚಿತು.

ಆಮೇಲೆ ಅವಳು ಮರಳು ಮುಟ್ಟಲಿಲ್ಲ, ಮಾತೂ ಆಡಲಿಲ್ಲ. ಮೂರು ವರ್ಷ ಬದುಕಿದ್ದು ಹಾಗೆಯೇ ಹೋದಳು. ಗೊಂಬೆ ನಮ್ಮ ಮನೆಯ ಗೂಡಿನಲ್ಲಿದೆ. ಅರಗು ತಣ್ಣಗಾದ ಗಳಿಗೆಯಲ್ಲೇ ಗಟ್ಟಿಯಾಗುತ್ತದೆ, ಯಾವ ಕೆಲಸಗಾರನನ್ನು ಬೇಕಾದರೂ ಕೇಳಿ. ಇದು ಇವತ್ತು ಬೆಳಿಗ್ಗೆಯೂ ಬೆರಳಿಗೆ ಅಂಟಿತು.